ಐದನೆಯ ಸಾಲು

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್, ಮಹಡಿ ಕೋಣೆ.
ಕೆಳಗೆ ಸಿಪ್ಪೆ ಬಿಡಿಸುವ ಯಂತ್ರ ನಡುಗಿದರೆ
ಮೇಜಿನ ಮೇಲೆ ಮೌಸ್ ತಾನಾಗಿ ಒಂದಿಷ್ಟು ಸರಿಯುತ್ತದೆ.

ತೂಕ, ತೇವ, ದರ್ಜೆ, ಬಿಲ್ಲು:
ಒಂದೊಂದನ್ನೂ ಬೇರೆ ಬೇರೆಯಾಗಿ ತೆರೆದೆ.
ಪರದೆ ತುಂಬ ಕೆಂಪು ಗೀರು.
ತೂಕಕ್ಕೆ ತೇವದ ಗುರುತೇ ಇಲ್ಲ.

"ತೇವ ಕಳೆಯದೆ ಅದೆಂಥ ತೂಕ?" ಅಂದಳು ಚೋಂದಮ್ಮ,
ಜಾವಾ ಕಂಡವಳಲ್ಲ,
ಇಪ್ಪತ್ತು ವರ್ಷ ಮೂಟೆ ತೂಗಿದವಳು.
ಒಕ್ಕ ಬಿಟ್ಟು ಮಕ್ಕಳನ್ನಷ್ಟೇ ಕರೆದಿದ್ದೆ ನಾನು.

ಎಲ್ಲ ಮುಚ್ಚಿ, ಒಂದು ಮೆಟ್ಟಿಲು ಮೇಲೆ ಹೋಗಿ
ತಾಯಿ ಫೋಲ್ಡರನ್ನೇ ಆಮದು ಮಾಡಿದೆ.
ಜಾರ್ ಮೇಲೆ ಜಾರ್ ಇಳಿದವು.
ಎಂಬತ್ತಕ್ಕೆ ಕರೆಂಟು ಹೋಯಿತು,
ಟೀ ಬಂತು (ಕಾಫಿ ವರ್ಕ್ಸಿನಲ್ಲಿ ಟೀ!),
ಆಮೇಲೆ ಕರೆಂಟೂ.

ನಾಲ್ಕೂ ಬಂದು ಒಂದರ ಕೆಳಗೊಂದು ಕೂತವು.
ಐದನೆಯದು ಸಿಗಲಿಲ್ಲ ಎಂದಿತು ಪರದೆ.
ಪಾಮ್ ತೆರೆದು ನೋಡಿದೆ, ಐದನೆಯ ಸಾಲು: ಕಿತ್ತಳೆ.
ಫೋಲ್ಡರಿಲ್ಲ.
ಯಾರು ಬರೆದರೋ, ಯಾವ ವರ್ಷ ಅಳಿಸಿದರೋ.

ಚೋಂದಮ್ಮ ಅಂಗೈಯನ್ನು ಬಟ್ಟಲು ಮಾಡಿ
ಗಾತ್ರ ತೋರಿಸಿದಳು.
"ಸಿಪ್ಪೆ ಸಡಿಲ. ಬುಟ್ಟಿ ಸಮೇತ ತೂಗುತ್ತಿದ್ದೆವು."

ಸಾಲು ತೆಗೆದರೆ ಸಾಕಿತ್ತು.
ತೆಗೆಯದೆ, ಆಚೆ ಈಚೆ ಕಾಮೆಂಟಿನ ಗುರುತಿಟ್ಟು
ಮತ್ತೆ ಆಮದು ಮಾಡಿದೆ.

ಕೆಂಪು ಒಂದೂ ಉಳಿಯಲಿಲ್ಲ.
ಕಿತ್ತಳೆ ಈಗ ಬೂದು ಬಣ್ಣ.