ಹದಿನಾಕ ಗುಳಿಗಿ

ಝುವಾರಿನಗರದ ಮೆಡಿಕಲ್ ಹುಡುಗ
ಪಟ್ಟಿ ಬೆನ್ನಿಗೆ ಪೆನ್ನಿಲೆ
ಸೂರ್ಯನ್ನ ಬರದ, ಚಂದ್ರನ್ನ ಬರದ:
'ಏಳ ದಿನ, ಮಾವಶಿ. ನಡುವ ಬಿಡಬ್ಯಾಡ.'

ಮೂರನೇ ದಿನಕ್ಕ ಜ್ವರ ಇಳೀತು.
ಬುಟ್ಟಿ ಹೊತ್ತೆ, ಸಿಮೆಂಟ ಕಲಸಿದೆ,
ಹೊಟ್ಟಿ ಅಷ್ಟ ತೊಳಸತಿತ್ತು.

ಬಾಜೂ ಮನಿ ಪಿಯೆದಾದ್ ಬಂದ್ಲು.
'ನೀ ಆರಾಮ ಆಗೀದಿ,
ಉಳದದ್ದು ಕೊಡ, ನನ್ನ ಹುಡುಗಗ ಕೆಮ್ಮು.'
ಜ್ವರದಾಗ ನನಗ
ಡಬ್ಬಿ ತುಂಬ ಗಂಜಿ ತಂದಾಕಿ.

ಕೊಡಲಿಲ್ಲ.
ಹುಡುಗನ್ನ ಕಂಕುಳಾಗ ಇಟಗೊಂಡು
ಅಕಿನ್ನೂ ಎಳಕೊಂಡು ದವಾಖಾನಿಗೆ ನಡದೆ.
ಅರ್ಧಾ ಪಗಾರ ಹೋತು.
ಡಾಕ್ಟರಬಾಯಿ ಎದಿ ನೋಡಿ
ಬರೇ ಬಿಸಿನೀರು ಅಂದ್ಲು.

ಅಕಿ ಇನ್ನೂ ಮಾತಾಡಿಲ್ಲ.

ಇವತ್ತ ಕಡೀ ಚಂದ್ರ, ನುಂಗಿದೆ.
ಪಟ್ಟಿ ಖಾಲಿ.
ಅಕಿ ಡಬ್ಬಿ ನನ್ನ ಕಡೇನ ಐತಿ,
ಅದನ್ನ ಮಾತ್ರ
ಖಾಲಿ ಕೊಡೂ ಹಂಗಿಲ್ಲ.