ನಿಯಮ ನಲವತ್ತೊಂದು

ರಾತ್ರಿ ಮೂರು ಹತ್ತಕ್ಕೆ
ಆಸ್ಪತ್ರೆಯ ಹಜಾರದಲ್ಲಿ ಯಾರೂ ಇಲ್ಲದಾಗ
ಟೋಕನ್ ತೋರಿಸುವ ಡಬ್ಬಿ
ಯಾರ ಜೊತೆಗೋ ಮಾತಾಡುತ್ತಿತ್ತು.

ಹಗಲೆಲ್ಲ ಅದಕ್ಕೆ ಬರುವುದು ಇಷ್ಟೇ:
ಒಂದರಿಂದ ಇನ್ನೂರರ ತನಕ ಅಂಕಿ, ಆಮೇಲೊಂದು ಟಿಂಗ್.
ಕತ್ತಲಾದ ಮೇಲೆ ಏಳು ನಿಮಿಷಕ್ಕೊಮ್ಮೆ
ಸಮುದ್ರದಾಚೆಯ ಯಾವುದೋ ವಿಳಾಸಕ್ಕೆ
ಬರೀ ನಲವತ್ತೆಂಟು ಬೈಟು,
ಕಾಫಿಯ ಬೈಟೂಗಿಂತ ಸಣ್ಣ ಗುಟುಕು:
ಇದ್ದೇನೆ, ಏನು ಮಾಡಲಿ ಹೇಳು.

ಮಾಗಡಿ ರೋಡಿನ ಮೂರನೇ ಮಹಡಿಯಲ್ಲಿ ಕೂತು
ನಾನಿದನ್ನು ಹಿಡಿದೆ ಅಂದರೆ ಸುಳ್ಳು.
ಹಿಡಿದದ್ದು ನಿಯಮ ನಲವತ್ತೊಂದು.
ಲಿಫ್ಟು, ಎಸಿ, ಕ್ಯಾಮೆರಾ, ಕಂಡಕಂಡದ್ದಕ್ಕೆಲ್ಲ
ರಾತ್ರಿಗೆ ಆರುನೂರು ಸಲ ಕೂಗುತ್ತಿತ್ತು ಅಂತ
ಗಣೇಶನ ಹಬ್ಬದ ವಾರ
ಅದರ ಬಾಯಿ ಮುಚ್ಚಿಸಿದವನು ನಾನೇ.
ಕಾರಣ ಬರೆಯುವ ಜಾಗದಲ್ಲಿ 'ಬರೀ ಸದ್ದು' ಅಂತ ಹಾಕಿ
ಚಿತ್ರಾನ್ನದ ಡಬ್ಬಿ ತೆರೆದಿದ್ದೆ.

ಈ ರಾತ್ರಿ ಫಿಲೋಮಿನಾ,
ಕೆಲಸಕ್ಕೆ ಸೇರಿ ಇನ್ನೂ ಹನ್ನೊಂದು ದಿನ,
ಯಾವುದನ್ನು ಒತ್ತಬಾರದು ಅಂತ ಗೊತ್ತಿಲ್ಲದೆ
ಅದರ ಬಾಯಿ ಬಿಚ್ಚಿದಳು.
'ಸಾರ್, ಟೋಕನ್ ಡಬ್ಬಿ ರಾತ್ರಿ ಮಲಗಲ್ವಾ?'

ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲಿ ಬ್ರೌನಿ ಅಂತ ಒಂದು ನಾಯಿ.
ಕಸದ ಆಟೋಗೂ ಬೊಗಳುತ್ತಿತ್ತು, ಬೈಸಿಕೊಳ್ಳುತ್ತಿತ್ತು.
ಎರಡು ತಿಂಗಳು ಅದಕ್ಕೆ ಬನ್ನು ಹಾಕಿದವನೇ
ಕೊನೆಗೊಂದು ರಾತ್ರಿ ಮೂರು ಬೈಕು ತಳ್ಳಿಕೊಂಡು ಹೋದ.
ಅವನ ಹಿಂದೆ ಬಾಲ ಆಡಿಸುತ್ತ
ಪಿಲ್ಲರ್ ತನಕ ಬಿಟ್ಟುಬಂತಂತೆ.
ನಾವು ನಾಯಿಗೆ ಬೈದೆವು.

ಮೂರು ಹದಿನೇಳು. ಮತ್ತೆ ಗುಟುಕು.
ಆಸ್ಪತ್ರೆಯ ವಾಚ್‌ಮನ್ ತಿಮ್ಮರಾಯಿ ಫೋನೆತ್ತಿದ.
'ಯಾವ ವೈರು ಸಾ?'
ನೀಲಿದು.
'ಎರಡೈತೆ ನೀಲಿ.'
ಒಂದು ರಕ್ತನಿಧಿಯ ಫ್ರಿಜ್ಜಿನದು,
ನಮ್ಮ ನಕ್ಷೆ ಹಾಗನ್ನುತ್ತದೆ,
ನಕ್ಷೆ ಬರೆದ ಮೇಲೆ ಅಲ್ಲಿ ಎರಡು ಗೋಡೆ ಎದ್ದಿವೆ.
'ಇರಿ, ಕೈಲಿ ಹಿಡ್ಕಂಡ್ ಹೋಯ್ತೀನಿ.'

ಫೋನಿನಲ್ಲಿ ಅವನ ಉಸಿರು,
ಚಪ್ಪಲಿ, ಎಳೆದ ಸ್ಟೂಲು,
ಎಲ್ಲೋ ಒಂದು ಮಗುವಿನ ಕೆಮ್ಮು.
ಮೂರು ಇಪ್ಪತ್ನಾಲ್ಕು.
ಕ್ಯಾಲೆಂಡರಿನ ವೆಂಕಟ್ರಮಣನ ಹಿಂದೆ ಹೋಯ್ತಂತೆ ವೈರು,
ಔಷಧಿ ಕೌಂಟರಿನ ಕೆಳಗೆ ನುಗ್ಗಿತಂತೆ.
ಮೂರು ಮೂವತ್ತೊಂದು.
'ಸಿಕ್ತು. ಡಬ್ಬಿ ಬೆನ್ನಿಗೇ ಬಂತು ಸಾ. ಕೀಳ್ಲಾ?'
ಕೀಳು.

ಆಮೇಲೆ ಏಳು ನಿಮಿಷ
ಮೂರೂ ಜನ ಏನೂ ಮಾತಾಡಲಿಲ್ಲ.
ಮೂವತ್ತೆಂಟು ಬಂತು, ಗುಟುಕು ಬರಲಿಲ್ಲ.
ಒಳಗೆ ಇನ್ನೆಲ್ಲೆಲ್ಲಿ ಮರಿ ಹಾಕಿದೆಯೋ
ಹುಡುಕಲು ಬೆಳಗಾಗಬೇಕು, ನಾಳಿದ್ದೂ ಆಗಬಹುದು.

ವರದಿಯ ಹಾಳೆಯಲ್ಲಿ ಒಂದು ಕಾಲಂ ಇದೆ:
ಎಚ್ಚರಿಕೆಯನ್ನು ನಿಲ್ಲಿಸಿದವರು.
ಫಿಲೋಮಿನಾ ನೀರಿನ ಬಾಟಲಿಯ ಲೇಬಲ್ ಓದುತ್ತಿದ್ದಾಳೆ,
ತುಂಬಾ ಹೊತ್ತಿನಿಂದ.

'ಸಾ, ಇದೀರಾ?
ಡಬ್ಬಿ ನೂರಾ ಮೂವತ್ತೆಂಟರಲ್ಲೇ ನಿಂತೋಗೈತೆ.
ಬೆಳಿಗ್ಗೆ ಜನ ಬಂದ್ರೆ ಏನ್ ಮಾಡ್ಲಿ?'

ಬಾಯಲ್ಲಿ ಕೂಗಿ ತಿಮ್ಮರಾಯಿ ಅಂದೆ.
ಒಂದರಿಂದ.