ವಾಟ

ಹಿಂಜೆವಾಡಿಯ ಹದಿನಾಲ್ಕನೇ ಅಂತಸ್ತಿನಲ್ಲಿ
ಹಗ್ಗಕ್ಕೆ ಜೋತುಬಿದ್ದು ಬಣ್ಣ ಹೊಡೆಯುತ್ತಿದ್ದವನನ್ನು
ಮುಳಶಿಯ ಕಾಡಿಗೆ ಕರಕೊಂಡು ಬಂದರು.
ದಿನಕ್ಕೆ ಒಂಬೈನೂರು, ಊಟ ಅವರದು.
ರವಿವಾರ ಗುಡ್ಡ ಹತ್ತಲು ಬರುವ ಪ್ಯಾಟಿ ಹುಡುಗರು
ಮಂಜಿನಲ್ಲಿ ಹಾದಿ ತಪ್ಪಬಾರದಂತೆ.
ನೂರು ಹೆಜ್ಜೆಗೊಂದು ಬಾಣ, ಬಂಡೆಯ ಮೇಲೆ.
ಹಾದಿಗೆ ಬಿಳಿ. ‘ಕಡಾ’ ಬಂದಲ್ಲಿ ಕೆಂಪು.
ಕಡಾ ಅಂದರೆ ಇವರಿಗೆ ಪ್ರಪಾತ.
ನಮಗೆ ಕಡೆ. ತಿಳಿಯಲು ಕಷ್ಟವಾಗಲಿಲ್ಲ.

ದಾರಿ ತೋರಿಸಲು ಧೊಂಡಾಬಾಯಿ ಮರಗಳೆ,
ಎಮ್ಮೆ ಮೇಯಿಸುವ ಧನಗರರಾಕೆ.
ನನಗೆ ಸೈಟಿನ ಬೂಟು, ಅವಳಿಗೆ ಬರಿಗಾಲು.
ತಂತಿಬ್ರಶ್ಶಿನಿಂದ ಪಾಚಿ ಕೆರೆದು
ಮೊದಲ ಬಾಣ ಬರೆದಾಗಲೇ ನಕ್ಕಳು:
“ನನ್ನ ಎಮ್ಮಿಗೆ ಓದಾಕ ಬರೂದಿಲ್ಲ, ಕಾನಡಿ.
ಅವು ದಿನಾ ಸಂಜಿಗೆ ಮನಿಗೆ ಬರ್ತಾವ.”
ಅವಳು ಹೇಳಿದ್ದು ಮರಾಠಿಯಲ್ಲೇ.
ನನ್ನ ಕಿವಿ ಎಲ್ಲವನ್ನೂ ಇಂಡಿ ತಾಲೂಕಿಗೆ ಒಯ್ದು ಕೇಳುತ್ತದೆ.

ಕಾಡು ಹಗಲಲ್ಲೇ ಕತ್ತಲು. ಕಾರವಿ ಗಿಡದ ಒಣ ಕಡ್ಡಿ,
ಅಳಲೆ ಮರದಲ್ಲಿ ಕೆಂಜಳಿಲಿನ ಕಟಕಟ.
ಎರಡನೇ ದಿನ ಹೊಟ್ಟೆಯ ಮೇಲೆ ತೆವಳಿ
ಕೊನೆಯ ಬಂಡೆಯಾಚೆ ಕೊಂಕಣ ನೋಡಿದೆ.
ಹದ್ದಿನ ಬೆನ್ನು ಕಂಡಿತು, ಕೆಳಗೆ, ನನಗಿಂತ ಬಹಳ ಕೆಳಗೆ.
ಇಷ್ಟು ವರ್ಷ ಎತ್ತರದಲ್ಲೇ ದುಡಿದವನು
ಅಂದು ಸೊಂಟ ತಡವಿಕೊಂಡೆ. ಹಗ್ಗ ಇರಲಿಲ್ಲ.
ಅಲ್ಲಿಗೆ ಮೂರು ಕೆಂಪು ಬಾಣ ಹಾಕಿದೆ,
ಒಂದು ನನ್ನ ಖರ್ಚಿನಲ್ಲಿ.

ನಾಲ್ಕನೇ ದಿನ ಕೆಲಸ ಮುಗಿದರೂ ಅವಳು ನಿಲ್ಲಲಿಲ್ಲ.
ಇಳಿದಳು, ಇಳಿದಳು, ಕೆರೆಯ ಅಂಗಳಕ್ಕೆ.
ಮೇ ತಿಂಗಳು. ನೀರು ಹಿಂದೆ ಸರಿದು
ಬಿರಿದ ಕೆಸರು ಬಿಸಿಲು ಕಾಯಿಸುತ್ತಿತ್ತು.
ಅದರ ನಡುವೆ ಕಲ್ಲು ಹಾಸಿದ ಒಂದು ಹಾದಿ,
ಗಾಡಿಯ ಅಗಲ, ಗಾಲಿ ಸವೆಸಿದ ಎರಡು ಗೀರು,
ಸೀದಾ ನೀರೊಳಗೆ ಹೋಗಿತ್ತು,
ಊರು ಇನ್ನೂ ಅಲ್ಲೇ ಇದೆ ಅನ್ನುವ ಧಿಮಾಕಿನಲ್ಲಿ.

“ವಾಟ,” ಅಂದಳು.
ಅವಳ ಮಾತಿನಲ್ಲಿ ವಾಟ ಅಂದರೆ ಹಾದಿ.
ನಮ್ಮಪ್ಪ ಗೌಂಡಿ. ಅವನ ಬಾಯಲ್ಲಿ ವಾಟ ಅಂದರೆ
ನೀರು ನಿಲ್ಲದಿರಲೆಂದು ನೆಲಕ್ಕೆ ಕೊಡುವ ಓರೆ.
ಬಚ್ಚಲಿಗೆ ಇಷ್ಟು, ಮಾಳಿಗೆಗೆ ಇಷ್ಟು ಎಂದು
ಬೆರಳು ಮಡಿಸಿ ತೋರಿಸುತ್ತಿದ್ದ.
ಇಲ್ಲಿ ಒಂದು ಕಣಿವೆಯ ವಾಟವನ್ನೇ ಯಾರೋ ಕಟ್ಟಿದ್ದರು.
ನೀರು ನಿಂತಿತ್ತು.

ಅವಳ ಅಜ್ಜಿಯ ತಾಯಿ ಗುಡ್ಡದಿಂದ ಬೆಣ್ಣೆ ಹೊತ್ತು
ಇದೇ ಕಲ್ಲಿನ ಮೇಲೆ ಇಳಿಯುತ್ತಿದ್ದಳಂತೆ,
ಕೆಳಗಿನ ಊರಿಗೆ, ಉದ್ರಿಗೆ.
ಅಣೆಕಟ್ಟು ಎದ್ದ ವರ್ಷ ಊರು ಎದ್ದು ಹೋಯಿತು,
ಯಾವ ಕಡೆಗೆ ಎಂದು ಯಾರೂ ಬರೆದಿಡಲಿಲ್ಲ.
ಇಪ್ಪತ್ತೆರಡು ಸೇರು ಬೆಣ್ಣೆಯ ಲೆಕ್ಕ ಮಾತ್ರ
ಮನೆಯ ಹೆಣ್ಣುಮಕ್ಕಳ ಬಾಯಲ್ಲಿ ಉಳಿದಿದೆ,
ಒಂದು ಸೇರೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

“ಇಲ್ಲಿ ಒಂದು ಹಾಕು.”
ನೀರಿಗೆ ಹೋಗೋ ಹಾದಿಗೆ ಬಾಣ ಯಾಕವ್ವ,
ಯಾರಾದರೂ ಮುಳುಗಿ ಸತ್ತಾರು, ಅಂದೆ.
“ಹೋಗಾಕಲ್ಲೋ ಹುಚ್ಚಪ್ಪ.
ಮಾರಿ ಈ ಕಡೆ ತಿರುಗಿಸು.
ಬರೋರಿಗೆ.”

ಮುಕಾದಮ ಲೆಕ್ಕ ಕೇಳಿದ.
ಇನ್ನೂರ ಹನ್ನೊಂದು, ಅಂದೆ. ಅಷ್ಟಕ್ಕೇ ಸಹಿ ಮಾಡಿದೆ.

ಈಗ ಆಷಾಢ. ವಾಕಡದ ಚಹಾದಂಗಡಿಯಲ್ಲಿ
ಯಾರೋ ಪೇಪರು ಓದುತ್ತಾರೆ:
ಮುಳಶಿ ನೂರಕ್ಕೆ ಎಪ್ಪತ್ತೆರಡು.
ಮಳೆಗೆ ಗೋಡೆಯ ಕೆಲಸ ಬಂದ್.
ಖಾಲಿ ಡಬ್ಬಿ ಮಗುಚಿಟ್ಟು ಅದರ ಮೇಲೇ ಕೂತಿದ್ದೇನೆ.
ನಾಲ್ಕು ಮಳೆಗಾಲ ತಾಳುತ್ತದೆ ಎಂದು
ಅದರ ಮೈಮೇಲೆ ಅಚ್ಚು ಹಾಕಿದ್ದಾರೆ.
ನೀರೊಳಗೆ ಎಷ್ಟು ದಿನ ಅಂತ
ತಿರುಗಿಸಿ ತಿರುಗಿಸಿ ನೋಡಿದೆ, ಬರೆದಿಲ್ಲ.